ಕೆಂಪಗಿರೋದೆಲ್ಲ ರೊಸೇಶಿಯಾ ಅಲ್ಲ: ಡರ್ಮೋಸ್ಕೋಪ್ ಕೆಳಗೆ ಒಂದು ಕೆನ್ನೆ

ಅವರು ಒಳಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರ ತುಂಬ ಟ್ಯೂಬ್‌ಗಳು. ಕೆಲವು ಖಾಲಿ, ಕೆಲವು ಅರ್ಧ ಹಿಂಡಿದ್ದು. ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಟ್ಟು 7.

"ಇಷ್ಟೂ ಹಚ್ಚಿದ್ದೀನಿ ಡಾಕ್ಟ್ರೇ. ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಬರುತ್ತೆ."

ಅವರಿಗೆ 41 ವರ್ಷ. ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲಲ್ಲೇ ನಿಲ್ಲುವ ಕೆಲಸ. 9 ತಿಂಗಳ ಹಿಂದೆ ಎಡ ಕೆನ್ನೆಯಲ್ಲಿ ಉಗುರಿನಷ್ಟು ಅಗಲದ ಕೆಂಪು ಕಲೆ ಎದ್ದಿತ್ತು. ತುರಿಕೆ ಅಷ್ಟಾಗಿ ಇರಲಿಲ್ಲ. ಬಿಸಿಲಿಗೆ ಹೋದರೆ ಮಾತ್ರ ಉರಿ. ಮೊದಲು ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಕ್ರೀಮ್ ತಂದು ಹಚ್ಚಿದರು. ನಾನು ಟ್ಯೂಬ್ ತಿರುಗಿಸಿ ಓದಿದೆ. ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಒಂದರಲ್ಲೇ ಇದ್ದವು. ವಾರದಲ್ಲಿ ಕೆಂಪು ಇಳಿದಿತ್ತು. ಬಿಟ್ಟು ಹತ್ತು ದಿನ ಆಗುವಷ್ಟರಲ್ಲಿ ವಾಪಸ್ ಬಂತು, ಈ ಸಲ ಮೂಗಿನ ಮೇಲೂ. ಹೀಗೇ ಐದು ತಿಂಗಳು ಕಳೆಯಿತು. ಆಮೇಲೆ ತೋರಿಸಿದ ಡಾಕ್ಟರು ರೊಸೇಶಿಯಾ (ಮುಖ ಮತ್ತೆ ಮತ್ತೆ ಕೆಂಪಾಗುವ ಚರ್ಮದ ಕಾಯಿಲೆ) ಎಂದು ಮೆಟ್ರೊನಿಡಜೋಲ್ ಜೆಲ್ ಮತ್ತು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಉರಿ ಸ್ವಲ್ಪ ತಗ್ಗಿತು, ಕಲೆ ಹೋಗಲಿಲ್ಲ. ಮದುವೆ, ಸಮಾರಂಭ ಅಂದಾಗಲೆಲ್ಲ ಮಧ್ಯೆ ಮಧ್ಯೆ ಹಳೆಯ ಕ್ರೀಮನ್ನೂ ಹಚ್ಚುತ್ತಿದ್ದರು. ಇದನ್ನು ಅವರು ಮೂರನೇ ಸಲ ಕೇಳಿದಾಗ ಹೇಳಿದರು. ಬೈತಾರೇನೋ ಅನ್ನೋ ಭಯ. ಎಷ್ಟೋ ಜನ ಹೀಗೇ. ಅದಕ್ಕೇ ಟ್ಯೂಬ್‌ಗಳನ್ನೆಲ್ಲ ತನ್ನಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಕೀಲು ನೋವು, ಬಾಯಿ ಹುಣ್ಣು, ಕೂದಲು ಉದುರುವುದು, ಜ್ವರ ಯಾವುದೂ ಇಲ್ಲ. ಸಿಗರೇಟ್ ಅಭ್ಯಾಸ ಇಲ್ಲ. ಬೇರೆ ಮಾತ್ರೆಗಳೂ ಇಲ್ಲ.

ಮೊದಲ ಸಲ ನಾನು ಕಂಡದ್ದು

ಎರಡೂ ಕೆನ್ನೆ ಕೆಂಪಗಿದ್ದವು. ಅವರದು ಕಂದು ಮೈಬಣ್ಣ. ಹಾಗಾಗಿ ಕೆಂಪು ಎಂದರೆ ಪುಸ್ತಕದ ಚಿತ್ರದಲ್ಲಿರುವ ಕೆಂಪಲ್ಲ, ಕಂದಿನೊಳಗೆ ಬೆರೆತ ಮಾಸಲು ಕೆಂಪು. ಎಡ ಕೆನ್ನೆಯಲ್ಲಿ ಸುಮಾರು 2.5 ಸೆಂ.ಮೀ. ಅಗಲದ ಜಾಗ ಸ್ವಲ್ಪ ಜಾಸ್ತಿ ಕೆಂಪು. ಮೂಗಿನ ಮೇಲೆ ಇನ್ನೊಂದು, ಅದಕ್ಕಿಂತ ಚಿಕ್ಕದು. ಕೀವು ಗುಳ್ಳೆ ಒಂದೂ ಇಲ್ಲ. ಚರ್ಮ ತೆಳ್ಳಗಾಗಿ ಹೊಳೆಯುತ್ತಿತ್ತು.

ಡರ್ಮೋಸ್ಕೋಪ್ ಇಟ್ಟೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಕೈಯಲ್ಲಿ ಹಿಡಿಯುವ, ದೀಪ ಇರುವ ಭೂತಗನ್ನಡಿ. ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಬರೀ ದೊಡ್ಡದು ಮಾಡುವುದಷ್ಟೇ ಆಗಿದ್ದರೆ ಅದಕ್ಕೆ ಇಷ್ಟು ಬೆಲೆ ಇರುತ್ತಿರಲಿಲ್ಲ. ಚರ್ಮದ ಮೇಲೆ ಬಿದ್ದ ಬೆಳಕು ಮೇಲಿಂದಲೇ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ, ಒಳಗಿನದು ಕಾಣುವುದಿಲ್ಲ. ಪೋಲರೈಸ್ಡ್ ಬೆಳಕು ಆ ಹೊಳಪನ್ನು ತೆಗೆದುಹಾಕುತ್ತದೆ. ಆಗ ಚರ್ಮದ ಒಳಪದರದ ಸಣ್ಣ ರಕ್ತನಾಳಗಳು, ಬಣ್ಣ, ಕೂದಲ ರಂಧ್ರದೊಳಗೆ ತುಂಬಿದ್ದು ಎಲ್ಲ ಕಾಣತೊಡಗುತ್ತದೆ.

ನನಗೆ ಕಂಡದ್ದು ರಕ್ತನಾಳಗಳ ಬಲೆ. ಗೆರೆ ಗೆರೆಯಾದ ನಾಳಗಳು ಒಂದಕ್ಕೊಂದು ಸೇರಿ ಐದಾರು ಮೂಲೆಯ ಕಣ್ಣುಗಳನ್ನು ಮಾಡಿದ್ದವು, ಮೀನಿನ ಬಲೆಯ ಹಾಗೆ. ರೊಸೇಶಿಯಾದಲ್ಲಿ ನಾವು ಹುಡುಕುವ ಗುರುತು ಇದೇ. ಸ್ಟೀರಾಯ್ಡ್ ಹಚ್ಚಿ ಹಚ್ಚಿ ಹಾಳಾದ ಮುಖದಲ್ಲೂ ಇದೇ ಬಲೆ ಕಾಣುತ್ತದೆ. ರೊಸೇಶಿಯಾ ಇತ್ತು, ಸ್ಟೀರಾಯ್ಡ್ ಅದನ್ನು ಇನ್ನೂ ಕೆಡಿಸಿದೆ ಎಂದು ಬರೆದೆ. ಸ್ಟೀರಾಯ್ಡ್ ಕ್ರೀಮ್ ಪೂರ್ತಿ ನಿಲ್ಲಿಸಿ, ಮೊದಲ ಎರಡು ವಾರ ಮುಖ ಇನ್ನಷ್ಟು ಕೆಂಪಾಗುತ್ತೆ, ಹೆದರಬೇಡಿ, 6 ವಾರ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದೆ.

ನಾನು ಬರೆದದ್ದರಲ್ಲಿ ಅರ್ಧ ಸರಿ ಇತ್ತು. ಉಳಿದ ಅರ್ಧ ಯಾಕೆ ತಪ್ಪಿತು ಎನ್ನುವುದೇ ಈ ಪ್ರಕರಣ ಬರೆಯಲು ಕಾರಣ. ಅವತ್ತು ಅವರು ಸನ್‌ಸ್ಕ್ರೀನ್ ಹಚ್ಚಿಕೊಂಡು ಬಂದಿದ್ದರು. ಬಿಳಿ ಕ್ರೀಮ್ ಪ್ರತಿ ರಂಧ್ರದಲ್ಲೂ ಕೂತಿತ್ತು. ಅದನ್ನು ತೊಳೆಸದೆ ನೋಡಿದೆ. ರಂಧ್ರದಲ್ಲಿ ಬಿಳಿ ಕಂಡರೂ ಕ್ರೀಮ್ ಇರಬೇಕು ಎಂದು ಬಿಟ್ಟೆ. ಜೊತೆಗೆ ಗಾಜನ್ನು ಸ್ವಲ್ಪ ಒತ್ತಿಯೇ ಇಟ್ಟಿದ್ದೆ. ಒತ್ತಿದರೆ ಸಣ್ಣ ನಾಳಗಳಿಂದ ರಕ್ತ ಸರಿದುಹೋಗುತ್ತದೆ. ದಪ್ಪ ನಾಳಗಳು ಮಾತ್ರ ಉಳಿಯುತ್ತವೆ, ಚುಕ್ಕಿಯಂಥವು ಮಾಯ. ನೋಡಿದ್ದೂ ಕೆನ್ನೆಯ ನಡುವೆ, ಕಲೆಯ ಅಂಚಿನಲ್ಲಿ ಅಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಸ್ಟೀರಾಯ್ಡ್ ಕೆಡಿಸಿದೆ ಎಂದು ನಾನೇ ಬರೆದೆ, ಆದರೂ ಆ ಬಲೆಯ ಕೆಳಗೆ ಬೇರೆ ಕಾಯಿಲೆ ಇರಬಹುದಾ ಎಂದು ಕೇಳಿಕೊಳ್ಳಲಿಲ್ಲ.

6 ವಾರದ ನಂತರ ಉಳಿದ ಕಲೆ

ಹೇಳಿದ ದಿನಕ್ಕೇ ಬಂದರು. ಎರಡು ವಾರ ತುಂಬ ಉರಿಯಿತಂತೆ, ಆದರೂ ಕ್ರೀಮ್ ಮುಟ್ಟಿರಲಿಲ್ಲ. ಆ ಹಟಕ್ಕೆ ನಾನು ಋಣಿ. ಯಾಕೆಂದರೆ ಬಲ ಕೆನ್ನೆ ಪೂರ್ತಿ ತಿಳಿಯಾಗಿತ್ತು, ಎಡ ಕೆನ್ನೆಯ ಕಲೆ ಮಾತ್ರ ಹಾಗೇ ಕೂತಿತ್ತು. ಕೂತಿತ್ತು ಅನ್ನುವುದಕ್ಕಿಂತ ಎದ್ದು ಕಾಣುತ್ತಿತ್ತು. ಅಂಚು ಈಗ ಸ್ಪಷ್ಟ, ಸುತ್ತ ಒಂದು ಕಪ್ಪು ಗೆರೆ. ಬೆರಳಿನಿಂದ ಸವರಿದರೆ ಅಕ್ಕಪಕ್ಕದ ಚರ್ಮಕ್ಕಿಂತ ಒರಟು, ಸ್ವಲ್ಪ ಗಟ್ಟಿ.

ಸ್ಟೀರಾಯ್ಡ್ ಮಾಡಿದ ಕೆಂಪು ಸ್ಟೀರಾಯ್ಡ್ ಬಿಟ್ಟ ಮೇಲೆ ನಿಧಾನಕ್ಕೆ ಇಳಿಯಬೇಕು. ಇಳಿಯದೆ ಒಂದೇ ಕಡೆ ಉಳಿದದ್ದು ಅದರದಲ್ಲ.

ಈ ಸಲ ಅವಸರ ಮಾಡಲಿಲ್ಲ. "ಟೀಚರ್, ಮುಖ ಬರೀ ನೀರಲ್ಲಿ ತೊಳೆದುಕೊಂಡು ಬನ್ನಿ" ಎಂದೆ. ಒರೆಸಿ ಐದು ನಿಮಿಷ ಕೂರಿಸಿದೆ, ಉಜ್ಜಿದ ಕೆಂಪು ಇಳಿಯಲಿ ಅಂತ. ಅಲ್ಟ್ರಾಸೌಂಡ್ ಜೆಲ್ ಧಾರಾಳವಾಗಿ ಹಾಕಿದೆ. ಜೆಲ್ ದಪ್ಪವಾಗಿದ್ದರೆ ಗಾಜು ಚರ್ಮವನ್ನು ಒತ್ತದೆ ಅದರ ಮೇಲೆ ತೇಲುತ್ತದೆ. ಮೊದಲು ಅಂಚು, ಆಮೇಲೆ ನಡು, ಕೊನೆಗೆ ಹೋಲಿಕೆಗೆ ಬಲ ಕೆನ್ನೆಯ ಅದೇ ಜಾಗ. ಮೂರು ಕಡೆಯೂ ಪೋಲರೈಸ್ಡ್ ಬೆಳಕಲ್ಲಿ ಒಂದು ಫೋಟೊ, ಅದಿಲ್ಲದೆ ಒಂದು.

ಅಂಚಿನಲ್ಲಿ ಕಂಡದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೂದಲ ರಂಧ್ರಗಳು ಅಗಲವಾಗಿದ್ದವು. ಬಲ ಕೆನ್ನೆಯ ರಂಧ್ರಗಳ ಪಕ್ಕ ಇಟ್ಟು ನೋಡಿದರೆ ಕಡಿಮೆ ಅಂದರೂ ಎರಡು ಪಟ್ಟು. ಪ್ರತಿಯೊಂದರ ಬಾಯಿಯಲ್ಲೂ ಹಳದಿ ಮಿಶ್ರಿತ ಬಿಳಿಯ ಗಟ್ಟಿ ತುಂಡು ಬಿರಡೆಯ ಹಾಗೆ ಕೂತಿತ್ತು. ಮುಖ ತೊಳೆದಿದ್ದರಿಂದ ಅದು ಕ್ರೀಮ್ ಅಲ್ಲ ಎನ್ನುವುದು ಖಚಿತ. ಆ ಬಿರಡೆಯ ಸುತ್ತ ಒಂದು ಬಿಳಿ ಉಂಗುರ. ಉಂಗುರದ ಹೊರಗೆ ಕೆಂಪು. ಒಂದಲ್ಲ, ಎರಡಲ್ಲ, ಕಣ್ಣು ಹಾಯಿಸಿದ ಕಡೆಯೆಲ್ಲ ಅದೇ: ನಡುವೆ ಬಿರಡೆ, ಸುತ್ತ ಬಿಳಿ, ಆಚೆ ಕೆಂಪು. ಕೆಲವು ರಂಧ್ರಗಳಲ್ಲಿ ಬಿರಡೆ ಇರಲಿಲ್ಲ. ಅಲ್ಲಿ ರಂಧ್ರವೇ ಒಂದು ಕೆಂಪು ಚುಕ್ಕಿಯಾಗಿತ್ತು. ರಂಧ್ರಗಳ ನಡುವೆ ಬೂದು ಬಣ್ಣದ ಪುಡಿ ಪುಡಿ ಚುಕ್ಕಿಗಳು, ಅಲ್ಲಲ್ಲಿ ಬಿಳಿ ಹೊಟ್ಟು.

ಕಲೆಯ ನಡುವೆ ಕಂಡ ನೋಟ ಬೇರೆ. ಅಲ್ಲಿ ಒಂದು ಚಿಕ್ಕ ಜಾಗದಲ್ಲಿ ರಂಧ್ರಗಳೇ ಇರಲಿಲ್ಲ. ಬರೀ ಬಿಳಿ, ಅದರ ಮೇಲೆ ಹರಿದ ಎರಡು ಮೂರು ನಾಳಗಳು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ರಂಧ್ರ ಇಲ್ಲ ಎಂದರೆ ಅಲ್ಲಿ ಚರ್ಮ ಆಗಲೇ ಮಾಯದ ಕಲೆಯಾಗಿದೆ.

ಪೋಲರೈಸ್ಡ್ ಬೆಳಕಲ್ಲಿ ಕೆಲವು ರಂಧ್ರಗಳ ಒಳಗೆ ನಾಲ್ಕು ಬಿಳಿ ಬಿಂದುಗಳು ಹೂವಿನ ಎಸಳಿನ ಹಾಗೆ ಹೊಳೆದವು. ಹೊಸದಾಗಿ ಡರ್ಮೋಸ್ಕೋಪ್ ಹಿಡಿದವರಿಗೆ ಇದನ್ನು ಕಂಡರೆ ಖುಷಿಯಾಗುತ್ತದೆ. ರೋಸೆಟ್ ಎನ್ನುತ್ತಾರೆ. ಆದರೆ ಅದು ಬೆಳಕಿನ ಆಟ. ಬಿಸಿಲಿಗೆ ಬಾಡಿದ ಮಾಮೂಲಿ ಚರ್ಮದಲ್ಲೂ ಕಾಣುತ್ತದೆ. ಅದರ ಮೇಲೆ ಭಾರ ಹಾಕಬೇಡಿ.

ಒಂದು ಕಡೆ ಹೊಟ್ಟು ಸ್ವಲ್ಪ ಸಡಿಲವಾಗಿತ್ತು. ಚಿಮಟದಲ್ಲಿ ಮೆಲ್ಲಗೆ ಎತ್ತಿ, ಗಾಜಿನ ಸ್ಲೈಡ್ ಮೇಲೆ ತಿರುಗಿಸಿ ಹಾಕಿ, ಅದರ ತಳವನ್ನು ಡರ್ಮೋಸ್ಕೋಪಲ್ಲಿ ನೋಡಿದೆ. ತಳದಿಂದ ಸಣ್ಣ ಸಣ್ಣ ಮೊಳೆಗಳು ಹೊರಚಾಚಿದ್ದವು. ಪ್ರತಿ ಮೊಳೆಯೂ ಒಂದೊಂದು ರಂಧ್ರದಿಂದ ಕಿತ್ತು ಬಂದ ಬಿರಡೆ. ಕಾರ್ಪೆಟ್ ಮೊಳೆಯ ಗುರುತು ಎಂದು ಹಳಬರು ಇದನ್ನು ಬರಿಗಣ್ಣಲ್ಲೇ ಕಂಡು ಹೇಳುತ್ತಿದ್ದರು. ಎಲ್ಲ ರೋಗಿಗಳಲ್ಲೂ ಇದು ಸಿಗುವುದಿಲ್ಲ. ಹೊಟ್ಟು ಗಟ್ಟಿಯಾಗಿ ಅಂಟಿದ್ದರೆ ಎಳೆಯಬೇಡಿ, ತುಂಬ ನೋಯುತ್ತದೆ.

ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಕೂದಲು ಸರಿಸಿ ಕಿವಿ ನೋಡಿದೆ. ಎಡಗಿವಿಯ ಹೊರ ತೂತಿನ ಪಕ್ಕ, ಬಟ್ಟಲಿನಂಥ ತಗ್ಗಿದೆಯಲ್ಲ, ಅಲ್ಲಿ ಬೆರಳ ತುದಿಯಷ್ಟು ಕಪ್ಪು ಕೆಂಪು ಜಾಗ. ಅದರಲ್ಲಿ ಬಿರಡೆ ತುಂಬಿದ ರಂಧ್ರಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ. "ಅದು ಕಿವಿ ಕೊಳೆ ಅಂದ್ಕೊಂಡಿದ್ದೆ, ದಿನಾ ಉಜ್ಜುತ್ತಿದ್ದೆ" ಎಂದರು ಟೀಚರ್.

ಡಿಸ್ಕಾಯ್ಡ್ ಲೂಪಸ್. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮೇಲೆ ತಿರುಗಿಬಿದ್ದು ಕಲೆ ಉಳಿಸುವ ಕಾಯಿಲೆ. ಕಿವಿ ನೋಡಿದ ಮೇಲೆ ನನ್ನ ಮನಸ್ಸಲ್ಲಿ ಅನುಮಾನ ಹೆಚ್ಚು ಉಳಿಯಲಿಲ್ಲ.

ರಂಧ್ರವನ್ನೇ ಯಾಕೆ ನೋಡಬೇಕು

ಮುಖದಲ್ಲಿ ಬರುವ ಉರಿಯೂತದ ಕಾಯಿಲೆಗಳೆಲ್ಲ ಕೆಂಪಗೇ ಇರುತ್ತವೆ. ಹಾಗಾಗಿ ಕೆಂಪು ಏನನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಕಂದು ಚರ್ಮದಲ್ಲಂತೂ ಬಣ್ಣದ ಪದರ ರಕ್ತನಾಳಗಳನ್ನು ಅರ್ಧ ಮುಚ್ಚಿಬಿಡುತ್ತದೆ. ಆದರೆ ಮುಖದಲ್ಲಿ ಕೂದಲ ರಂಧ್ರಗಳು, ಎಣ್ಣೆ ಗ್ರಂಥಿಗಳು ಬೇರೆ ಕಡೆಗಿಂತ ಒತ್ತೊತ್ತಾಗಿವೆ. ಎಷ್ಟೋ ಕಾಯಿಲೆಗಳು ಅಲ್ಲೇ ತಮ್ಮ ಕೈಬರಹ ಬಿಡುತ್ತವೆ. ಚರ್ಮದ ಬಣ್ಣ ಯಾವುದೇ ಇರಲಿ, ರಂಧ್ರ ಕಾಣುತ್ತದೆ.

2020ರಲ್ಲಿ ಇಂಟರ್‌ನ್ಯಾಷನಲ್ ಡರ್ಮೋಸ್ಕೋಪಿ ಸೊಸೈಟಿಯ ತಜ್ಞರು ಗಡ್ಡೆಯಲ್ಲದ ಚರ್ಮದ ಕಾಯಿಲೆಗಳಲ್ಲಿ ಏನೇನು ನೋಡಿ ಬರೆಯಬೇಕು ಎಂದು ಒಂದು ಒಮ್ಮತಕ್ಕೆ ಬಂದರು. ರಕ್ತನಾಳ, ಹೊಟ್ಟು, ರಂಧ್ರ, ಉಳಿದ ಬಣ್ಣ ಮತ್ತು ಆಕಾರಗಳು, ಕೊನೆಗೆ ಆ ಕಾಯಿಲೆಗೇ ವಿಶೇಷವಾದ ಸುಳಿವು. ಈ ಐದನ್ನೂ ನಾನು ಬರೆಯುತ್ತೇನೆ. ಆದರೆ ಮುಖದ ಮಟ್ಟಿಗೆ ಮೊದಲು ರಂಧ್ರ ನೋಡುತ್ತೇನೆ, ನಾಳ ಆಮೇಲೆ. ಈ ಟೀಚರ್ ಬಂದು ಹೋದ ಮೇಲೆ ಕಲಿತ ಕ್ರಮ ಇದು.

ಅವರ ಕೆನ್ನೆಯ ಮೇಲೆ ಬೇರೆ ಏನೇನು ಇರಬಹುದಿತ್ತು? ರೊಸೇಶಿಯಾ ಆಗಿದ್ದರೆ ನಾಳಗಳ ಬಲೆಯೇ ಮುಖ್ಯ ಚಿತ್ರ. ರಂಧ್ರದಲ್ಲಿ ಬಿರಡೆ ಅದರಲ್ಲೂ ಇರಬಹುದು, ಆದರೆ ಹೀಗೆ ಬಿಳಿ ಉಂಗುರ ಕಟ್ಟಿ ಸಾಲಾಗಿ ಇರುವುದಿಲ್ಲ, ಮಾಯದ ಬಿಳಿ ಜಾಗವೂ ಇರುವುದಿಲ್ಲ. ಡೆಮೊಡೆಕ್ಸ್ ಹುಳು ಜಾಸ್ತಿಯಾದಾಗ ರಂಧ್ರದಿಂದ ಬಿಳಿ ಲೋಳೆ ದಾರದಂಥ ಬಾಲಗಳು ಹೊರಗೆ ಇಣುಕುತ್ತವೆ. ಒಮ್ಮೆ ಕಂಡವರು ಮರೆಯುವುದಿಲ್ಲ. ಇವರಲ್ಲಿ ಒಂದೂ ಇರಲಿಲ್ಲ.

ಸೆಬೊರಿಕ್ ಡರ್ಮಟೈಟಿಸ್ ಎಂದರೆ ಹಳದಿ ಎಣ್ಣೆ ಹೊಟ್ಟು, ಅಲ್ಲೊಂದು ಇಲ್ಲೊಂದು ಗುಂಪಾದ ಚುಕ್ಕಿ ನಾಳ. ಮೂಗಿನ ಪಕ್ಕದ ಮಡಿಕೆ, ಹುಬ್ಬು ಅದರ ಜಾಗ. ಸೋರಿಯಾಸಿಸ್ ಆಗಿದ್ದರೆ ಚುಕ್ಕಿ ನಾಳಗಳು ಒಂದೇ ಸಮನೆ ಹರಡಿ, ಮೇಲೆ ಬಿಳಿ ಹೊಟ್ಟು.

ಹುಳುಕಡ್ಡಿಯ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿ ತನ್ನ ಉಂಗುರದ ಆಕಾರವನ್ನೇ ಕಳೆದುಕೊಂಡು ಏನೂ ಅಲ್ಲದ ಕೆಂಪಾಗಿ ಕೂರುತ್ತದೆ. ಇವರು ಹಚ್ಚಿದ್ದೂ ಅದೇ ಥರದ ಮಿಶ್ರ ಕ್ರೀಮ್. ಅಂಥ ಮುಖದಲ್ಲಿ ಮೆದು ಕೂದಲನ್ನು ನೋಡಬೇಕು. ಫಂಗಸ್ ಕೂದಲೊಳಗೆ ಹೊಕ್ಕಿದ್ದರೆ ಅದು ಗಾಜಿನಂತೆ ಪಾರದರ್ಶಕವಾಗಿ ಸೊಟ್ಟಗಾಗುತ್ತದೆ, ಇಲ್ಲವೇ ತಂತಿ ಸಂದೇಶದ ಚುಕ್ಕಿ ಗೆರೆಯ ಹಾಗೆ ಬಿಟ್ಟು ಬಿಟ್ಟು ಬೆಳ್ಳಗಾಗುತ್ತದೆ. ಟೀಚರ್ ಕೆನ್ನೆಯ ಮೆದು ಕೂದಲು ಎಲ್ಲ ನೆಟ್ಟಗಿದ್ದವು. ಆದರೂ ಅಂಚಿನಿಂದ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿಸಿದೆ. ಫಂಗಸ್ ಇಲ್ಲ. ಹತ್ತು ನಿಮಿಷದ ಪರೀಕ್ಷೆ, ಬಿಡಬಾರದು.

ಸಾರ್ಕಾಯ್ಡೋಸಿಸ್ (ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟು ಕಟ್ಟುವ ಕಾಯಿಲೆ), ಚರ್ಮದ ಕ್ಷಯ ಎರಡರಲ್ಲೂ ಕಿತ್ತಳೆ ಹಳದಿ ಬಣ್ಣದ ಮಸುಕಾದ ಜಾಗಗಳು, ಅವುಗಳ ಮೇಲೆ ಚೂಪಾಗಿ ಕಾಣುವ ಕವಲೊಡೆದ ನಾಳಗಳು ಇರುತ್ತವೆ. ಗಾಜು ಒತ್ತಿದರೆ ಕೆಂಪು ಹೋಗಿ ಆ ಹಳದಿ ಇನ್ನೂ ಎದ್ದು ಕಾಣುತ್ತದೆ. ಇಲ್ಲಿ ಮಾತ್ರ ಒತ್ತುವುದೂ ಒಂದು ಪರೀಕ್ಷೆ. ಇವರಲ್ಲಿ ಆ ಬಣ್ಣ ಇರಲಿಲ್ಲ.

ನಿಜವಾಗಿ ಯೋಚಿಸಬೇಕಾದದ್ದು ಎರಡು. ಮೊದಲನೆಯದು ಗ್ರಾನುಲೋಮಾ ಫೇಶಿಯೇಲ್. ಅಗಲ ರಂಧ್ರ, ಬಿಳಿ ಉಂಗುರ, ಬಿರಡೆ, ಕವಲು ನಾಳ ಎಲ್ಲವೂ ಅದರಲ್ಲೂ ಉಂಟು. ಆದರೆ ಅದು ನುಣುಪಾದ ಗಂಟಿನಂತೆ ಬರುತ್ತದೆ, ಹೀಗೆ ಒರಟು ಹೊಟ್ಟು ಇರುವುದಿಲ್ಲ, ಮಾಯದ ಕಲೆ ಬಿಡುವುದೂ ಇಲ್ಲ. ಎರಡನೆಯದು ಆಕ್ಟಿನಿಕ್ ಕೆರಟೋಸಿಸ್. ಬಿಸಿಲಿಂದ ಬರುವ, ಮುಂದೆ ಕ್ಯಾನ್ಸರ್ ಆಗಬಹುದಾದ ಗಾಯ. ಅದರ ಡರ್ಮೋಸ್ಕೋಪ್ ಚಿತ್ರಕ್ಕೆ ಸ್ಟ್ರಾಬೆರಿ ಎಂದೇ ಹೆಸರು: ಕೆಂಪು ನೆಲ, ಹಳದಿ ಬಿರಡೆಯ ರಂಧ್ರ, ಸುತ್ತ ಬಿಳಿ ಉಂಗುರ. ನಮ್ಮ ಚಿತ್ರಕ್ಕೂ ಅದಕ್ಕೂ ತುಂಬ ಹೋಲಿಕೆ, ಅಲ್ವಾ? ಬರೀ ಫೋಟೊ ಕೊಟ್ಟು ಕೇಳಿದರೆ ಅನುಭವಿಗಳೂ ಎಡವಬಹುದು. ಅದು ಹೆಚ್ಚಾಗಿ ಬಿಳಿ ಚರ್ಮದವರಲ್ಲಿ, ವಯಸ್ಸಾದ ಮೇಲೆ ಬರುವುದು. ಕಿವಿಯ ತಗ್ಗಿನಲ್ಲಿ ಬಿರಡೆ, ಅಂಚಿನ ಕಪ್ಪು, ನಡುವಿನ ಮಾಯದ ಕಲೆ ಇವೆಲ್ಲ ಸೇರಿ ಅದನ್ನು ದೂರ ಇಟ್ಟವು. ಡರ್ಮೋಸ್ಕೋಪ್ ಚಿತ್ರವನ್ನು ರೋಗಿಯಿಂದ ಬಿಡಿಸಿ ಓದಬಾರದು ಎನ್ನುವುದು ಇದಕ್ಕೇ.

ತುಂಡು ಎಲ್ಲಿಂದ ತೆಗೆಯುವುದು

"ಮುಖದ ಮೇಲೆ ಇನ್ನೊಂದು ಕಲೆ ಬೇಕಾ ಡಾಕ್ಟ್ರೇ?" ಬಯಾಪ್ಸಿ ಎಂದ ಕೂಡಲೇ ಅವರು ಕೇಳಿದ್ದು ಇದನ್ನೇ. ನ್ಯಾಯವಾದ ಪ್ರಶ್ನೆ.

ನಾನು ಹೇಳಿದ್ದು ಇಷ್ಟು. ಇದು ಲೂಪಸ್ ಆದರೆ ತಿಂಗಳುಗಟ್ಟಲೆ ಮಾತ್ರೆ ಬೇಕು, ಕಣ್ಣಿನ ಪರೀಕ್ಷೆ ಬೇಕು, ಬೇರೆ ಅಂಗಗಳ ಮೇಲೂ ನಿಗಾ ಬೇಕು. ಅಷ್ಟೆಲ್ಲ ಬರೀ ಕಣ್ಣಂದಾಜಿನ ಮೇಲೆ ಶುರು ಮಾಡುವುದು ಸರಿಯಲ್ಲ. ತೆಗೆಯುವ ಗಾಯ 4 ಮಿ.ಮೀ. ಹೊಲಿಗೆ ಹಾಕಿದರೆ ಸಣ್ಣ ಗೆರೆ ಉಳಿಯುತ್ತದೆ. ಕಾಯಿಲೆ ಬಿಟ್ಟರೆ ಅದು ಉಳಿಸುವ ಕಲೆ ಇದಕ್ಕಿಂತ ದೊಡ್ಡದು. ಫೋಟೊದಲ್ಲಿ ನಡುವಿನ ಬಿಳಿ ಜಾಗವನ್ನು ದೊಡ್ಡದು ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿದರು. "ಇಲ್ಲಿ ಮತ್ತೆ ಮೊದಲಿನ ಥರ ಆಗಲ್ವಾ?" ಎಂದರು. ಆಗಲ್ಲ ಎಂದೆ. ಸುಮ್ನೆ ಸಮಾಧಾನಕ್ಕೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಆಮೇಲೆ ಅವರೇ ಒಪ್ಪಿದರು.

ಡರ್ಮೋಸ್ಕೋಪ್ ಬಯಾಪ್ಸಿಗೆ ಬದಲಿ ಅಲ್ಲ. ಆದರೆ ಎಲ್ಲಿ ತೆಗೆಯಬೇಕು ಎಂದು ಅದು ತೋರಿಸುವಷ್ಟು ಚೆನ್ನಾಗಿ ಇನ್ಯಾವುದೂ ತೋರಿಸುವುದಿಲ್ಲ. ನಡುವಿನ ಬಿಳಿ ಜಾಗದಿಂದ ತೆಗೆದಿದ್ದರೆ ಮಾಯದ ಕಲೆ ಅಂತಷ್ಟೇ ವರದಿ ಬರುತ್ತಿತ್ತು. ಮೊದಲ ಭೇಟಿಯಲ್ಲಿ ಬಲೆ ಕಂಡ ಜಾಗದಿಂದ ತೆಗೆದಿದ್ದರೆ ಹಿಗ್ಗಿದ ರಕ್ತನಾಳ ಅಂತ ಬರುತ್ತಿತ್ತು. ಕೆಂಪು ಚುಕ್ಕಿ ಮತ್ತು ಬಿರಡೆ ಎರಡೂ ಇರುವ ಕೆಳ ಅಂಚಿನಲ್ಲಿ, ಡರ್ಮೋಸ್ಕೋಪ್ ಹಿಡಿದೇ ಪೆನ್ನಿನಿಂದ ಗುರುತು ಹಾಕಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಗುರುತು ಹಾಕಬೇಕು. ಇಂಜೆಕ್ಷನ್ ಆದ ಮೇಲೆ ಚರ್ಮ ಉಬ್ಬಿ ಬೆಳ್ಳಗಾಗಿ ಎಲ್ಲ ಕಲಸಿಹೋಗುತ್ತದೆ.

ಇನ್ನೊಂದು ಗಾಯ ಬೇಡ ಎಂದು ಒಂದೇ ತುಂಡನ್ನು ಉದ್ದಕ್ಕೆ ಸೀಳಿ ಎರಡು ಮಾಡಿದೆ. ಅರ್ಧ ಫಾರ್ಮಲಿನ್‌ಗೆ. ಇನ್ನರ್ಧ, ಚರ್ಮದಲ್ಲಿ ಕೂತ ಆಂಟಿಬಾಡಿಗಳನ್ನು ಹೊಳೆಯುವಂತೆ ಮಾಡಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ, ಅದಕ್ಕೆಂದೇ ಇರುವ ಬೇರೆ ದ್ರಾವಣದಲ್ಲಿ. ಅದನ್ನೂ ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಂತೆಯೇ.

ವರದಿ ಬಂದಾಗ ಫೋಟೊ ಪಕ್ಕಕ್ಕೆ ಇಟ್ಟುಕೊಂಡು ಓದಿದೆ. ಅಗಲವಾದ ರಂಧ್ರಗಳಲ್ಲಿ ತುಂಬಿದ ಕೆರಟಿನ್, ಅಂದರೆ ನಾನು ಕಂಡ ಬಿರಡೆ. ರಂಧ್ರದ ಸುತ್ತ ನಾರು ಕಟ್ಟಿದ್ದು, ಅದೇ ಬಿಳಿ ಉಂಗುರ. ರಂಧ್ರ ಮತ್ತು ರಕ್ತನಾಳದ ಸುತ್ತ ಒತ್ತಾಗಿ ಕೂತ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು, ಹಿಗ್ಗಿದ ನಾಳಗಳು, ಅದೇ ಕೆಂಪು ಚುಕ್ಕಿ. ಮೇಲ್ಪದರದ ತಳದ ಕಣಗಳು ಹಾಳಾಗಿ ಬಣ್ಣ ಕೆಳಗೆ ಸೋರಿತ್ತು, ಅದು ಬೂದು ಪುಡಿ. ತಳಪೊರೆ ದಪ್ಪವಾಗಿತ್ತು. ಒಳಪದರದಲ್ಲಿ ಮ್ಯೂಸಿನ್ ಎಂಬ ಲೋಳೆಯಂಥ ವಸ್ತು ಶೇಖರವಾಗಿತ್ತು. ಇಮ್ಯುನೊಫ್ಲೋರೆಸೆನ್ಸ್‌ನಲ್ಲಿ ತಳಪೊರೆಯ ಉದ್ದಕ್ಕೂ ಐಜಿಜಿ ಎಂಬ ಆಂಟಿಬಾಡಿ ಮತ್ತು ಸಿ3 ಎಂಬ ರಕ್ಷಣಾ ಪ್ರೋಟೀನ್ ಕಾಳು ಕಾಳಾಗಿ ಪಟ್ಟಿ ಕಟ್ಟಿದ್ದವು. ಬಿಸಿಲು ಬೀಳುವ ಮುಖದ ಚರ್ಮದಲ್ಲಿ ಈ ಪಟ್ಟಿ ಲೂಪಸ್ ಇಲ್ಲದವರಲ್ಲೂ ಕೆಲವೊಮ್ಮೆ ಮಂದವಾಗಿ ಬರುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಕೂರಲಿಲ್ಲ. ಇಲ್ಲಿ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ರಕ್ತದಲ್ಲಿ ಎಎನ್ಎ (ಸ್ವಂತ ಜೀವಕೋಶಗಳ ಕೇಂದ್ರದ ವಿರುದ್ಧ ಏಳುವ ಆಂಟಿಬಾಡಿ) 1:80. ಇಷ್ಟು ಕಡಿಮೆ ಮಟ್ಟ ಆರೋಗ್ಯವಂತರಲ್ಲೂ ಸಿಗುತ್ತದೆ. ಡಬಲ್ ಸ್ಟ್ರ್ಯಾಂಡೆಡ್ ಡಿಎನ್ಎ ವಿರುದ್ಧದ ಆಂಟಿಬಾಡಿ ಇಲ್ಲ. ರಕ್ತಕಣ, ಕ್ರಿಯಾಟಿನಿನ್, ಮೂತ್ರ, ಸಿ3 ಮತ್ತು ಸಿ4 ಎಲ್ಲ ಸರಿ. ಕಾಯಿಲೆ ಚರ್ಮದಲ್ಲೇ ಇದೆ, ಒಳಗೆ ಇಳಿದಿಲ್ಲ ಎಂದು ಅವರಿಗೆ ಹೇಳುವಾಗ ನನಗೂ ನೆಮ್ಮದಿಯಾಯಿತು. ಕೆಲವರಲ್ಲಿ ಮುಂದೆ ಇಳಿಯಬಹುದು. ಅದಕ್ಕೆ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಆಗಾಗ ಮಾಡಿಸಬೇಕು. ಕೀಲು ನೋವು, ಬಾಯಿ ಹುಣ್ಣು, ಕಾಲು ಊತ ಕಂಡರೆ ಕಾಯದೆ ಬರಬೇಕು ಎಂದು ಬರೆದು ಕೊಟ್ಟೆ.

ಚಿಕಿತ್ಸೆ, ಮತ್ತೆ ಮತ್ತೆ ಅದೇ ಫೋಟೊ

ಅವರ ತೂಕ 62 ಕೆ.ಜಿ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ಮೀರಬಾರದು. ಅಂದರೆ 310 ಮಿ.ಗ್ರಾಂ. ಮಾತ್ರೆ ಬರುವುದು 200ರದ್ದು. ಹಾಗಾಗಿ ಒಂದು ದಿನ 1, ಮಾರನೇ ದಿನ 2 ಮಾತ್ರೆ. ಸರಾಸರಿ 300 ಆಗುತ್ತದೆ. ಶುರುವಿನಲ್ಲೇ ಕಣ್ಣಿನ ಡಾಕ್ಟರ ಹತ್ತಿರ ರೆಟಿನಾ ತೋರಿಸಿ ಬಂದರು. ಬೇರೆ ಅಪಾಯ ಇಲ್ಲದಿದ್ದರೆ 5 ವರ್ಷ ಆದ ಮೇಲೆ ವರ್ಷ ವರ್ಷ ತೋರಿಸಬೇಕು.

ಹಚ್ಚಲು ಟ್ಯಾಕ್ರೊಲಿಮಸ್ 0.1% ಆಯಿಂಟ್‌ಮೆಂಟ್. ಡಿಸ್ಕಾಯ್ಡ್ ಲೂಪಸ್‌ಗೆ ಸ್ವಲ್ಪ ದಿನ ಸ್ಟೀರಾಯ್ಡ್ ಹಚ್ಚುವುದು ತಪ್ಪಲ್ಲ, ಮುಖದಲ್ಲೂ ಕೊಡುತ್ತೇವೆ. ಆದರೆ ಇವರ ಚರ್ಮ ಆಗಲೇ ಸ್ಟೀರಾಯ್ಡ್‌ನಿಂದ ಸೊರಗಿ ಈಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಅದರ ಮೇಲೆ ಮತ್ತೆ ಹಾಕಲು ನನಗೆ ಇಷ್ಟ ಇರಲಿಲ್ಲ. ಟ್ಯಾಕ್ರೊಲಿಮಸ್ ಮೊದಲ ನಾಲ್ಕೈದು ದಿನ ಉರಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಟ್ಯೂಬ್ ಕವರ್ ಸೇರುತ್ತದೆ.

ಬಿಸಿಲಿನ ವಿಷಯಕ್ಕೆ ಔಷಧಿಗಿಂತ ಹೆಚ್ಚು ಹೊತ್ತು ಮಾತಾಡಿದೆವು. ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಎರಡು ಬೆರಳುದ್ದ ಹಿಂಡಿ ಮುಖ ಕುತ್ತಿಗೆಗೆ, ಕಿವಿಗೂ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಅಂಚು ಅಗಲವಾದ ಟೋಪಿ. ಆಟದ ಪೀರಿಯಡ್‌ಗಳನ್ನು ಬೆಳಗ್ಗೆ ಬೇಗ ಅಥವಾ ಸಂಜೆಗೆ ಬದಲಿಸಿಕೊಳ್ಳಲು ಶಾಲೆಗೆ ಒಂದು ಪತ್ರ ಬರೆದುಕೊಟ್ಟೆ. ಕಿವಿ ಉಜ್ಜುವುದನ್ನು ನಿಲ್ಲಿಸಿ ಎಂದೆ. ಉಜ್ಜುವುದು, ಕೆರೆಯುವುದು, ಗಾಯ ಆಗುವುದು ಇವು ಕೂಡ ಹೊಸ ಕಲೆ ಎಬ್ಬಿಸುತ್ತವೆ.

8 ವಾರದ ಫೋಟೊದಲ್ಲಿ ಕೆಂಪು ಚುಕ್ಕಿಗಳು ಬೆರಳೆಣಿಕೆಯಷ್ಟು. ಬಿರಡೆಗಳು ಇನ್ನೂ ಇದ್ದವು, ಸಣ್ಣಗಾಗಿದ್ದವು. ಬರಿಗಣ್ಣಿಗೆ ಕಲೆ ಅಷ್ಟೇನೂ ಬದಲಾಗಿರಲಿಲ್ಲ. "ಏನೂ ಆಗಿಲ್ವಲ್ಲ ಡಾಕ್ಟ್ರೇ" ಎಂದು ಟೀಚರ್ ಮುಖ ಸಣ್ಣದು ಮಾಡಿಕೊಂಡರು. ಎರಡು ಫೋಟೊ ಅಕ್ಕಪಕ್ಕ ಇಟ್ಟು ಚುಕ್ಕಿಗಳನ್ನು ಅವರೇ ಎಣಿಸುವಂತೆ ಮಾಡಿದೆ. ಅಂಚಿನ ಒಂದೇ ಜಾಗದಲ್ಲಿ ಆಗ 14, ಈಗ 3. ಈ ಮಾತ್ರೆ ನಿಧಾನ, ಕೆಲವೊಮ್ಮೆ ಮೂರು ತಿಂಗಳೂ ಬೇಕು. ಆ ನಡುವೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇವರು ಬಿಡಲಿಲ್ಲ, ಎಣಿಸಿದ್ದರಿಂದ ಅಂತಲೇ ನನ್ನ ನಂಬಿಕೆ.

16 ವಾರಕ್ಕೆ ಕೆಂಪು ಚುಕ್ಕಿ ಇಲ್ಲ. ಹೊಟ್ಟು ಇಲ್ಲ. ಬಿಳಿ ಉಂಗುರಗಳು ಹಾಗೇ ಇವೆ, ಅವು ನಾರು ಕಟ್ಟಿದ್ದು, ಕೆಂಪಿನಷ್ಟು ಬೇಗ ಹೋಗುವುದಿಲ್ಲ. ಅವನ್ನು ನೋಡಿ ಕಾಯಿಲೆ ಇನ್ನೂ ಇದೆ ಎಂದು ಔಷಧಿ ಏರಿಸಬಾರದು. ಚುರುಕಾಗಿದೆಯಾ ಎಂದು ತಿಳಿಯಲು ನಾನು ನೋಡುವುದು ಚುಕ್ಕಿ, ಹೊಟ್ಟು, ಸುತ್ತಲಿನ ಕೆಂಪು ಈ ಮೂರನ್ನು. ಕಿವಿಯ ಜಾಗ ತಿಳಿಯಾಗಿ ಸ್ವಲ್ಪ ಕಪ್ಪು ಮಾತ್ರ ಉಳಿದಿತ್ತು.

ನಡುವಿನ ಬಿಳಿ ಜಾಗವನ್ನು ಪ್ರತಿ ಸಲ ಅಳೆಯುತ್ತೇನೆ. ಚಿಕಿತ್ಸೆಯ ಶುರುವಿನಲ್ಲಿ 6 ಮಿ.ಮೀ. 8 ವಾರಕ್ಕೆ 6, 16 ವಾರಕ್ಕೂ 6. ಅಲ್ಲಿ ಒಂದು ರಂಧ್ರವೂ ವಾಪಸ್ ಬಂದಿಲ್ಲ. ನಾನು ಮೊದಲ ದಿನವೇ ಮುಖ ತೊಳೆಸಿ, ಕಿವಿ ನೋಡಿದ್ದರೆ ಆ 6 ವಾರ ಉಳಿಯುತ್ತಿತ್ತು. ಅಷ್ಟರಲ್ಲಿ ಎಷ್ಟು ರಂಧ್ರ ಹೋದವು ಎಂದು ಲೆಕ್ಕ ಹಾಕಲು ಆಗುವುದಿಲ್ಲ, ಯಾಕೆಂದರೆ ಅವತ್ತು ನಾನು ಆ ಜಾಗದ ಫೋಟೊವನ್ನೇ ತೆಗೆದಿರಲಿಲ್ಲ. ಇದನ್ನು ಟೀಚರ್‌ಗೂ ಹೇಳಿದೆ.

ಆರು ತಿಂಗಳ ಭೇಟಿಯಲ್ಲಿ ಅವರು ಕುರ್ಚಿಯಲ್ಲಿ ಕೂತವರೇ, ನಾನು ಕೇಳುವ ಮೊದಲೇ ಕೂದಲು ಹಿಂದಕ್ಕೆ ಸರಿಸಿ ಎಡಗಿವಿಯನ್ನು ದೀಪದ ಕಡೆ ತಿರುಗಿಸಿದರು. ಮುಖ ತೊಳೆದುಕೊಂಡೇ ಬಂದಿದ್ದರು.